ಇಗ್ವಾನಾವನ್ನು ‘ಉಡ’ ಎನ್ನಬಹುದೇ?

ಮಂಗಳೂರಿನಲ್ಲಿ ಈಗ ಇಗ್ವಾನಾ ಎಂಬ ಹೊರದೇಶದ ದೊಡ್ಡ ಹಲ್ಲಿಯನ್ನು ಸಾಕುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಬಾಯಿಮಾತಿನಲ್ಲಿ ‘ಉಡ’ ಎಂದೇ ನಡೆದಿದೆ, ಅನುವಾದಿತ ಬರಹಗಳಲ್ಲಿ ‘ಹಸಿರು ಉಡ’ ಎಂದೂ ಓದಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ.

ಭಾಷೆಯ ಮಡಿವಂತಿಕೆಯಿಂದ ಈ ಮಾತು ಹೇಳುತ್ತಿಲ್ಲ. ಕದ್ರಿಯ ಒಂದು ವಸತಿ ಸಮುಚ್ಚಯದಲ್ಲಿ ‘ಮೂರನೆಯ ಮಹಡಿಯವರು ಉಡ ಸಾಕಿದ್ದಾರೆ’ ಎಂಬ ಸುದ್ದಿ ಹಬ್ಬಿ, ಅರಣ್ಯ ಇಲಾಖೆಗೆ ದೂರು ಕೊಡೋಣ ಎನ್ನುವವರೆಗೆ ಹೋಗಿತ್ತು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಸಾಕುವುದಿರಲಿ, ಹಿಡಿದರೂ ಅಪರಾಧ. ಕಂಜಿರಕ್ಕೆ ಅದರ ಚರ್ಮ ಹೊದಿಸುವ ಕಾಲವೂ ಹೋಯಿತು. ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಒಂದಕ್ಕೆ ಕೋಳ, ಇನ್ನೊಂದಕ್ಕೆ ಅರ್ಜಿ. ಇವೆರಡಕ್ಕೂ ಒಂದೇ ಹೆಸರಿಟ್ಟರೆ ನೆರೆಹೊರೆಯವರನ್ನು ದೂರಿ ಪ್ರಯೋಜನವಿಲ್ಲ.

ಕಣ್ಣಿಟ್ಟು ನೋಡಿದರೆ ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಉಡದ ನಾಲಿಗೆ ಹಾವಿನದರಂತೆ ಉದ್ದವಾಗಿ ಸೀಳಿರುತ್ತದೆ, ನಡೆಯುವಾಗಲೆಲ್ಲ ಹೊರಗೆ ಚಾಚುತ್ತಿರುತ್ತದೆ. ಇಗ್ವಾನಾದ್ದು ದಪ್ಪ, ಮಾಂಸಲ ನಾಲಿಗೆ. ಅದರ ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಗಂಟಲಡಿಯಲ್ಲಿ ಜೋಲುವ ಚರ್ಮ. ಎಲ್ಲಕ್ಕಿಂತ ಖಚಿತವಾದ ಗುರುತು ಕಿವಿಯ ಕೆಳಗೆ: ಕೆನ್ನೆಯ ಮೇಲೆ ಕೋಟಿನ ಗುಂಡಿ ಹೊಲಿದಂತೆ ಒಂದು ದೊಡ್ಡ ದುಂಡು ಹುರುಪೆ. ಉಡಕ್ಕೆ ಇದು ಇಲ್ಲ. ಊಟವೂ ಬೇರೆ. ಉಡ ಕಪ್ಪೆ, ಇಲಿ, ಮೊಟ್ಟೆ ತಿನ್ನುವ ಬೇಟೆಗಾರ. ಇಗ್ವಾನಾ ಸೊಪ್ಪುಗಾರ, ದಾಸವಾಳದ ಹೂವೆಂದರೆ ಅದಕ್ಕೆ ಹಬ್ಬ.

ಈ ಗೊಂದಲಕ್ಕೆ ನಾವೇ ಹೊಣೆ ಎನ್ನುವಂತಿಲ್ಲ. ಹಳೆಯ ಕಾಲದ ಇಂಗ್ಲಿಷರು ಬಿಸಿಲ ನಾಡಿನಲ್ಲಿ ಕಂಡ ದೊಡ್ಡ ಹಲ್ಲಿಯನ್ನೆಲ್ಲ ‘ಇಗ್ವಾನಾ’ ಎಂದರು. ಆಸ್ಟ್ರೇಲಿಯಾದ ಉಡಗಳಿಗೆ ಇಂದಿಗೂ ಉಳಿದಿರುವ ‘ಗೊಆನ’ ಎಂಬ ಹೆಸರು ಹಾಗೆ ಬಂದದ್ದು. ನಮ್ಮ ಉಡಕ್ಕೂ ಅದೇ ಹೆಸರು ಅಂಟಿತು, ಅರ್ಥಕೋಶಗಳಿಗೂ ಹೊಕ್ಕಿತು. ಈಗ ಅದನ್ನು ಹಿಂದುಮುಂದಾಗಿ ಓದಿ, ಇಗ್ವಾನಾ ಎಂದರೆ ಉಡ ಎನ್ನುತ್ತಿದ್ದೇವೆ.

ವಂಶ ನೋಡಿದರಂತೂ ಇಗ್ವಾನಾ ಉಡಕ್ಕಿಂತ ನಮ್ಮ ಬೇಲಿಯ ಓತಿಕ್ಯಾತಕ್ಕೇ ಹತ್ತಿರದ ನೆಂಟ. ‘ಓತಿಕ್ಯಾತನಿಗೆ ಬೇಲಿ ಸಾಕ್ಷಿ’ ಎಂಬ ಗಾದೆಯ ಓತಿ, ತುಳುವಿನಲ್ಲಿ ಓಂತಿ. ಕಾರ್ಕಳ, ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಪಕ್ಕೆಲುಬಿನ ಮೇಲಿನ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುವುದನ್ನು ‘ಹಾರುವ ಓತಿ’ ಎಂದು ಚೆಂದವಾಗಿ ಕರೆದವರು ನಾವೇ. ಆಸ್ಟ್ರೇಲಿಯಾ ಮೂಲದ, ಅಂಗಡಿಯವರು ‘ಬಿಯರ್ಡೆಡ್ ಡ್ರ್ಯಾಗನ್’ ಎನ್ನುವ ಪ್ರಾಣಿಯೂ ಇದೇ ಕುಟುಂಬದ್ದು. ಅದಕ್ಕೆ ‘ಗಡ್ಡದ ಓತಿ’ ಎಂದರೆ ಅರ್ಥವೂ ಸರಿ, ವಂಶವೂ ಸರಿ. ಲೆಪರ್ಡ್ ಗೆಕ್ಕೊಗೆ ‘ಚಿರತೆ ಹಲ್ಲಿ’ ಎನ್ನಲು ಅಡ್ಡಿಯಿಲ್ಲ, ಅದು ಹಲ್ಲಿಯ ಬಳಗವೇ. ಆದರೆ ನಮ್ಮ ಗೋಡೆಯ ಹಲ್ಲಿಗಿಲ್ಲದ ರೆಪ್ಪೆ ಅದಕ್ಕಿದೆ, ಗೋಡೆ ಹತ್ತಲು ಮಾತ್ರ ಬಾರದು. ಇಗ್ವಾನಾಕ್ಕೆ ಹೊಸ ಹೆಸರು ಕಟ್ಟುವ ಅವಸರ ನನಗಿಲ್ಲ. ‘ಇಗ್ವಾನಾ’ ಎಂದೇ ಬರೆಯೋಣ ಎಂದು ನನ್ನ ಮತ. ಉಡವೇ ಆಗಬೇಕೆಂದು ಯಾರಾದರೂ ಉಡದ ಪಟ್ಟು ಹಿಡಿದರೆ ಅವರ ಆಧಾರ ತಿಳಿಯುವ ಆಸೆಯಿದೆ.

ಇದರ ಜೊತೆಗೆ ಗೋಸುಂಬೆಯದೊಂದು ತೊಡಕು. ಇಲ್ಲಿ ಕತ್ತು ಕೆಂಪಾದ ಓತಿಯನ್ನು ಕಂಡವರೆಲ್ಲ ‘ಗೋಸುಂಬೆ’, ‘ಊಸರವಳ್ಳಿ’ ಎಂದುಬಿಡುತ್ತಾರೆ. ಅದು ಸಂತಾನಕಾಲದ ಗಂಡು ಓತಿ. ಬಣ್ಣ ಬದಲಿಸುತ್ತದೆ ನಿಜ, ಅದರ ವೈಜ್ಞಾನಿಕ ಹೆಸರಿನಲ್ಲಿರುವ ‘ವರ್ಸಿಕಲರ್’ ಎಂಬುದಕ್ಕೂ ಅದೇ ಅರ್ಥ. ಆದರೆ ನಿಜವಾದ ಗೋಸುಂಬೆಯ ಬೆರಳುಗಳು ಎರಡು ಗುಂಪಾಗಿ ಕೂಡಿ ಇಕ್ಕಳದಂತೆ ಕೊಂಬೆ ಹಿಡಿಯುತ್ತವೆ, ಬಾಲ ಸುರುಳಿ ಸುತ್ತುತ್ತದೆ, ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ನೋಡಬಲ್ಲದು. ರಾಜಕಾರಣಿಗಳನ್ನು ಬೈಯಲು ಯಾವುದಾದರೂ ಸಾಕು. ಪ್ರಾಣಿಯನ್ನು ಗುರುತಿಸಲು ಸಾಲದು.

ಈಗ ಬಲ್ಲವರಲ್ಲಿ ಎರಡು ಕೇಳಿಕೆ. ಸುರುಳಿ ಬಾಲದ ಈ ಗೋಸುಂಬೆಗೆಂದೇ, ಓತಿಗೆ ಬಳಸದ ಹೆಸರು ಕುಂದಾಪುರ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಇದೆಯೇ? ಮತ್ತೆ, ನುಣುಪು ಮೈಯ ‘ಹಾವುರಾಣಿ’ಯ ಬಾಲದಲ್ಲಿರುವ ‘ರಾಣಿ’ ಅರಸಿಯಲ್ಲ, ತುಳು–ಮಲಯಾಳಗಳಿಗೂ ಸೇರಿದ ‘ಅರಣೆ’ ಎಂಬ ಹಳೆಯ ಮಾತೇ ಎಂದು ನಾನು ತಿಳಿದಿದ್ದೇನೆ. ಬರಿಯ ‘ಅರಣೆ’ ಎಂಬ ರೂಪ ಉಡುಪಿ, ಬ್ರಹ್ಮಾವರ ಕಡೆಯ ಮನೆಮಾತಿನ ಕನ್ನಡದಲ್ಲಿ ಇನ್ನೂ ಬಳಕೆಯಲ್ಲಿದ್ದರೆ, ವಾಕ್ಯದ ಸಮೇತ ಬರೆದು ತಿಳಿಸಿ.