ಸುಣ್ಣದ ಕಲ್ಲಿನ ಗುಡ್ಡಕ್ಕೆ ಏನಂತೀರಿ?

ಗೆಳೆಯರೇ, ಒಂದು ಪದ ಬೇಕಾಗಿದೆ.

ಮಗಳ ಮನೆಗೆಂದು ಸ್ಪೇನ್‌ಗೆ ಹೋಗಿದ್ದಾಗ ಆಂತೆಕೇರಾ ಊರಿನ ಹತ್ತಿರದ ಟೊರ್ಕಾಲ್ ಬೆಟ್ಟ ನೋಡಿ ಬಂದೆ. 1929ರಿಂದ ಕಾಪಿಟ್ಟ ಜಾಗ. ಇಡೀ ಬೆಟ್ಟವೇ ಸುಣ್ಣದ ಕಲ್ಲು. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಂಬಗಳು ನಿಂತಿವೆ. ಒಂದಕ್ಕೆ ಅಲ್ಲಿನವರು ಸ್ಕ್ರೂ ಎಂದೇ ಹೆಸರಿಟ್ಟಿದ್ದಾರೆ. ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತದ್ದು ಮೇಲೆದ್ದು ಬೆಟ್ಟವಾಗಿದೆ. ಮೆತ್ತನೆ ಪದರನ್ನು ಮಳೆನೀರು ಜಾಸ್ತಿ ಕರಗಿಸಿದೆ, ಗಟ್ಟಿ ಪದರು ಚಾಚಿಕೊಂಡು ಉಳಿದಿದೆ.

ಗಂಗಾವತಿಗೆ ಬಂದು ಅವ್ವನಿಗೆ ಹೇಳಿದೆ, "ಸುಣ್ಣದ ಕಲ್ಲಿನ ಗುಡ್ಡ ನೋಡಿದೆ."

"ಅಷ್ಟೂ ಸುಣ್ಣ ಯಾರು ಸುಡಬೇಕೋ ಯಪ್ಪಾ!"

ತಪ್ಪು ಅವಳದಲ್ಲ. ನಮ್ಮ ಕಡೆ ಸುಣ್ಣದ ಕಲ್ಲು ಅಂದರೆ ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಆರಿಸಿ ತಂದು ಭಟ್ಟಿಯಲ್ಲಿ ಸುಡುವ ಬಿಳಿ ಹರಳು. ಮುಷ್ಟಿಯಲ್ಲಿ ಹಿಡಿಯುವಂಥದ್ದು. ಅದು ಗುಡ್ಡವಾಗುವುದು ಅವಳಿಗೆ ಹೇಗೆ ಹೊಳೆಯಬೇಕು? ಆದರೆ ಆಂತೆಕೇರಾದ ಹಳೇ ಚಪ್ಪಡಿ ಸಮಾಧಿಗಳ ಫೋಟೋ ತೋರಿಸಿದಾಗ ತಟ್ಟನೆ "ಮೋರೇರ ಮನಿ" ಅಂದಳು. ನಮ್ಮೂರ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಇಂಥದೇ ಚಪ್ಪಡಿ ಸಮಾಧಿ ಕಂಡಿದ್ದಳು, ಅದಕ್ಕೆ ಪದ ಬಾಯಲ್ಲೇ ಇತ್ತು.

ತಮಾಷೆ ಏನೆಂದರೆ ಅವ್ವ ಕೂತಿದ್ದ ಪಡಸಾಲೆಗೆ ಹಾಸಿದ್ದು ಶಹಾಬಾದ್ ಫರ್ಸಿ. ಅದೂ ಸುಣ್ಣದ ಕಲ್ಲೇ! ಹಾಗಂತ ಯಾರೂ ಕರೆಯುವುದಿಲ್ಲ. ಫರ್ಶ್ ಅಂದರೆ ಉರ್ದುವಿನಲ್ಲಿ ನೆಲ, ಹಾಸು. ಮಾಡುವ ಕೆಲಸದಿಂದ ಬಂದ ಹೆಸರು, ಕಲ್ಲಿನ ಜಾತಿಯಿಂದಲ್ಲ.

ನಮ್ಮದು ಗ್ರಾನೈಟ್ ಸೀಮೆ. ಬಿರುಕು ಬಿಟ್ಟು, ಮೂಲೆ ಸವೆದು, ಕಲ್ಲು ಉರುಟಾಗುತ್ತದೆ. ಹಾಗಾಗಿ ಗುಂಡು, ಬಂಡೆ, ಹಾಸುಬಂಡೆ ಎಲ್ಲ ಇವೆ. ಪದರುಗಲ್ಲಿಗೆ ಮಾತ್ರ ಬಾಯಿ ತಡವರಿಸುತ್ತದೆ. "ಶಿಲಾಸ್ತರ" ನನಗೆ ಬೇಡ, ಅದು ಪರೀಕ್ಷೆಯ ಹಾಳೆಯ ಮಾತು. ಬಣವೆ ಒಟ್ಟಿದ ಹಾಗಿದೆಯಲ್ಲ ಎಂದು "ಒಟ್ಟುಗಲ್ಲು" ಅಂದು ನೋಡಿದೆ. ಅವ್ವ ಒಪ್ಪಲಿಲ್ಲ. "ಒಟ್ಟಾಕ ಯಾರರ ಬೇಕಲ್ಲ?" ಅಂದಳು. ಹೌದು, ಒಟ್ಟು ಅಂದಮೇಲೆ ಒಟ್ಟಿದವರು ಇರಬೇಕು.

ಶಹಾಬಾದ್, ಸೇಡಂ ಕಡೆಯವರು ಇಲ್ಲಿದ್ದರೆ ತಿಳಿಸಿ: ಖಣಿಯಲ್ಲಿ ಕಲ್ಲು ಎಬ್ಬಿಸುವವರು ಒಂದು ಪದರಿಗೆ ಏನಂತಾರೆ? ಕಡಿಯುವ ಮೊದಲು, ಇನ್ನೂ ನೆಲದಲ್ಲೇ ಇರುವಾಗ?