ನಿಕ್ಕೆಲ್-ಎಚ್‌ಐಟಿಪಿ ಬಿಲ್ಲೆಯ ವಾಹಕತೆ 0.03 ದಾಟುತ್ತಿಲ್ಲ, ಸಹಾಯ ಬೇಕು

ಕರಿಪುಡಿ: ನಿಕ್ಕೆಲ್-ಎಚ್‌ಐಟಿಪಿ, ಅಂದರೆ ವಿದ್ಯುತ್ ಹರಿಸುವ, ಸೂಕ್ಷ್ಮ ರಂಧ್ರಗಳ ಲೋಹ-ಸಾವಯವ ಚೌಕಟ್ಟನ್ನು ಮೂರನೇ ಬಾರಿ ತಯಾರಿಸಿದೆ. ಪುಡಿ ಕಪ್ಪಗೆ ಬಂದಿದೆ, ಎಕ್ಸ್-ಕಿರಣ ವಿವರ್ತನೆಯ (ಹರಳಿನ ರಚನೆ ತೋರುವ ಪರೀಕ್ಷೆ) ಶಿಖರಗಳೂ ಇರಬೇಕಾದಲ್ಲೇ ಇವೆ. ಒತ್ತಿ ಬಿಲ್ಲೆ ಮಾಡಿ ಅಳೆದರೆ ವಾಹಕತೆ ಸೆಂಟಿಮೀಟರಿಗೆ 0.03 ಸೀಮೆನ್ಸ್. 2014ರ ಮೂಲ ಪ್ರಬಂಧದಲ್ಲಿ ಬಿಲ್ಲೆಗೆ 2, ತೆಳುಪದರಕ್ಕೆ 40 ಎಂದಿದೆ. ಎರಡು ವಾರದ ದುಡಿಮೆ ನೀರುಪಾಲಾಯಿತು. ತಪ್ಪು ಎಲ್ಲಿದೆ?

ಜಾಲಗಾರ: ಅಮೋನಿಯಾ ಹಾಕಿದ ಮೇಲೆ ಎಷ್ಟು ಹೊತ್ತು ಗಾಳಿ ಊದಿದಿರಿ? ಲಿಗ್ಯಾಂಡ್ (ಲೋಹಗಳನ್ನು ಬೆಸೆಯುವ ಸಾವಯವ ಅಣು) ಸರಿಯಾಗಿ ಉತ್ಕರ್ಷಣಗೊಳ್ಳದಿದ್ದರೆ ವಾಹಕತೆ ಬರುವುದಿಲ್ಲ.

ಕರಿಪುಡಿ: ಎರಡು ಗಂಟೆ.

ಜಾಲಗಾರ: ಕೊಳವೆಯ ತುದಿ ದ್ರಾವಣದ ತಳದಲ್ಲಿತ್ತೇ? ಮೇಲೆ ಮೇಲೆ ಊದಿದರೆ ಏನೂ ಆಗದು. ನನ್ನಲ್ಲಿ ನಿರ್ವಾತದ ಪ್ರೋಬ್ ಸ್ಟೇಷನ್ (ಸೂಜಿ ತಾಗಿಸಿ ವಿದ್ಯುತ್ ಅಳೆಯುವ ಯಂತ್ರ) ಇದೆ, ದ್ರವ ಹೀಲಿಯಂ ತಾಪದವರೆಗೂ ಅಳೆಯುತ್ತೇನೆ. ಆದರೂ ಪುಡಿ ಕೆಟ್ಟಿದ್ದರೆ ಯಾವ ಯಂತ್ರವೂ ಕಾಯದು.

ಹರಳುಗಣ್ಣು: ಇದನ್ನು ಬಿಟ್ಟು ಎಚ್‌ಕೆಯುಎಸ್‌ಟಿ-1 ಎಂಬ ತಾಮ್ರದ ಚೌಕಟ್ಟಿನ ರಂಧ್ರಗಳಿಗೆ ಟಿಸಿಎನ್‌ಕ್ಯೂ ಎಂಬ ಸಾವಯವ ಅಣು ತುಂಬಿ. ಅದರ ವಾಹಕತೆ 7.

ನಾಲ್ಕುತಂತಿ: ಅದು ಮೀಟರಿಗೆ 7, ಸೆಂಟಿಮೀಟರಿಗೆ 0.07. ಏಕಮಾನ ಬಿಟ್ಟು ಅಂಕಿ ಹೇಳಬೇಡಿ.

ಹರಳುಗಣ್ಣು: ಪ್ರಬಂಧದಲ್ಲಿ ಇದ್ದುದನ್ನೇ ಬರೆದೆ.

ನಾಲ್ಕುತಂತಿ: ಅರ್ಧ ಬರೆದಿರಿ. ಇರಲಿ, ಕರಿಪುಡಿಯವರೇ, ಬಿಲ್ಲೆಯ ಅಳತೆ ಎಷ್ಟು, ಹೇಗೆ ಅಳೆದಿರಿ? ಇಷ್ಟು ಹೊತ್ತು ಯಾರೂ ಇದನ್ನು ಕೇಳಲೇ ಇಲ್ಲ.

ಕರಿಪುಡಿ: 13 ಮಿ.ಮೀ. ವ್ಯಾಸ, ಅರ್ಧ ಮಿ.ಮೀ. ದಪ್ಪ. ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಮಲ್ಟಿಮೀಟರ್ ಹಚ್ಚಿದೆ, 1.2 ಓಮ್. ಎಲ್ಲರೂ ಹೀಗೆಯೇ ತಾನೇ ಅಳೆಯುವುದು?

ನಾಲ್ಕುತಂತಿ: ವಾಹಕತೆ 2 ಇದ್ದರೆ ಆ ಬಿಲ್ಲೆಯ ರೋಧ ಸುಮಾರು 0.02 ಓಮ್ ಮಾತ್ರ. ತಂತಿ ಮತ್ತು ಸ್ಪರ್ಶದ ರೋಧವೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬಿಲ್ಲೆ ತೆಗೆದು ತಟ್ಟೆಗೆ ತಟ್ಟೆ ತಾಗಿಸಿ ನೋಡಿ.

ಕರಿಪುಡಿ: 1.1 ಓಮ್! ಇಷ್ಟು ದಿನ ಅಳೆದದ್ದೆಲ್ಲ ತಂತಿಯನ್ನೇ.

ನಾಲ್ಕುತಂತಿ: ಬಿಲ್ಲೆಯ ಅಂಚಿನಲ್ಲಿ ನಾಲ್ಕು ಕಡೆ, ಸೂಜಿಯ ಮೊನೆಯಿಂದ ಬೆಳ್ಳಿ ಪೇಸ್ಟ್‌ನ ಚಿಕ್ಕ ಚುಕ್ಕೆ ಇಡಿ. ಹೆಚ್ಚು ಹಚ್ಚಿದರೆ ಪೇಸ್ಟ್‌ನ ದ್ರಾವಕ ರಂಧ್ರಗಳೊಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಪಕ್ಕಪಕ್ಕದ ಎರಡು ಚುಕ್ಕೆಗಳಲ್ಲಿ ವಿದ್ಯುತ್ ಹರಿಸಿ, ಉಳಿದೆರಡರಲ್ಲಿ ವೋಲ್ಟೇಜ್ ಓದಿ. ಜೋಡಿ ಬದಲಿಸಿ ಮತ್ತೊಮ್ಮೆ ಓದಿ. ಎರಡೂ ರೋಧಗಳು ಹೆಚ್ಚುಕಡಿಮೆ ಒಂದೇ ಬಂದರೆ ಅವುಗಳ ಸರಾಸರಿಯನ್ನು 4.53ರಿಂದಲೂ ದಪ್ಪದಿಂದಲೂ ಗುಣಿಸಿ. ಅದರ ವಿಲೋಮವೇ ವಾಹಕತೆ. ದಪ್ಪವನ್ನು ಸೆಂಟಿಮೀಟರಿನಲ್ಲೇ ಹಾಕಿ.

ಕರಿಪುಡಿ: ಇವತ್ತು ಅಳೆದೆ. ಸರಾಸರಿ 5.5 ಓಮ್, ವಾಹಕತೆ 0.8. ಪುಡಿ ಅದೇ, ಬಿಲ್ಲೆಯೂ ಅದೇ. ನಾಲ್ಕುತಂತಿಯವರಿಗೆ ತುಂಬಾ ಧನ್ಯವಾದ.

ಜಾಲಗಾರ: ಇನ್ನೂ 2 ಆಗಿಲ್ಲವಲ್ಲ. ಗಾಳಿಯ ವಿಷಯ ಮರೆಯಬೇಡಿ.

ನಾಲ್ಕುತಂತಿ: ಬಿಲ್ಲೆಯಲ್ಲಿ ಹರಳುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟುವಲ್ಲೇ ರೋಧ ಹುಟ್ಟುತ್ತದೆ. ಒತ್ತಡ ಎಷ್ಟು ಹಾಕಿದ್ದಿರಿ?

ಕರಿಪುಡಿ: ಕೈಯಿಂದ ತಿರುಗಿಸುವ ಚಿಕ್ಕ ಒತ್ತುಯಂತ್ರ, ಎಷ್ಟು ಎಂದು ಗುರುತಿಲ್ಲ. ಸೋಮವಾರ ಹೈಡ್ರಾಲಿಕ್ ಒತ್ತುಯಂತ್ರದಲ್ಲಿ ಮಾಡಿ ಹಾಕುತ್ತೇನೆ.