ಸೈಕಲ್‌ಗೆ ಟೆಂಪೊ ಗುದ್ದಿ ಸಾವು: ಚಾಲಕನ ತಪ್ಪು ಸಾಬೀತು ಮಾಡುವುದು ಹೇಗೆ?

ಕಾತ್ರಜ್ ಕನ್ನಡಿಗ:
ನಮಸ್ಕಾರ್ರಿ. ಪುಣೆ ಬೈಪಾಸ್ ಸರ್ವಿಸ್ ರಸ್ತೆಯಲ್ಲಿ ಮೊನ್ನೆ ನಸುಕಿನ ಐದೂವರೆಗೆ ಟೆಂಪೊ ಬಡಿದು ವಿಜಯಪುರ ಕಡೆಯ 38 ವರ್ಷದ ಗಾರೆ ಮೇಸ್ತ್ರಿ ತೀರಿಕೊಂಡಿದ್ದಾರೆ. ‘ಸೈಕಲ್ ಅಡ್ಡ ಬಂತು, ದೀಪಾನೂ ಇರಲಿಲ್ಲ’ ಅಂತಾನೆ ಚಾಲಕ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಊರಲ್ಲಿದ್ದಾರೆ. ತಿಳಿದವರು ದಾರಿ ತೋರಿಸ್ರಿ.

ಗಾಲಿಕಡ್ಡಿ:
ಮೊದಲು ಸೈಕಲ್ ನೋಡಿ. ಹಿಂದಿನ ಗಾಲಿ ಮಡಚಿ, ಮಡ್‌ಗಾರ್ಡ್ ಸೀಟಿನಡಿ ನುಗ್ಗಿ, ಮುಂದಿನ ಗಾಲಿ ನೆಟ್ಟಗಿದ್ದರೆ ಪೆಟ್ಟು ಹಿಂದಿನಿಂದಲೇ ಬಿದ್ದಿದೆ. ಅಡ್ಡ ಬಂದಿದ್ದರೆ ಪೆಡಲ್, ಫ್ರೇಮಿನ ನಡುಭಾಗ ಬಾಗಿರಬೇಕು. ಟೆಂಪೊ ಬಂಪರಿನ ಯಾವ ಮೂಲೆಗೆ ಸೈಕಲ್ ಬಣ್ಣ ಹತ್ತಿದೆ, ಅದರ ಫೋಟೊನೂ ಬೇಕು. ಸೈಕಲ್ ಗುಜರಿಗೆ ಹೋಗದಂತೆ ನೋಡಿಕೊಳ್ಳಿ. ಪಂಚನಾಮೆ ಮರಾಠಿಯಲ್ಲಿರುತ್ತದೆ; ಓದಿಸಿ ಕೇಳದೆ ಯಾರೂ ಸಹಿ ಹಾಕಬೇಡಿ. ರಸ್ತೆ ಅಂಚಿನಿಂದ ಎಷ್ಟು ಅಡಿಗೆ ಗಾಜಿನ ಚೂರು ಬಿದ್ದಿತ್ತು, ಬ್ರೇಕಿನ ಗುರುತು ಎಷ್ಟುದ್ದ ಇತ್ತು, ಅದರಲ್ಲಿ ಬರೆದಿರಲೇಬೇಕು. ಅಂಗಡಿ, ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಇವತ್ತೇ ತನಿಖಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕೋರ್ಟ್ ಕಟ್ಟೆ:
ಹೆಡ್‌ಲೈಟ್ ಬೆಳಕು ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲಿಸಲಾಗದ ವೇಗವೇ ನಿರ್ಲಕ್ಷ್ಯ. ಸೈಕಲ್‌ಗೆ ದೀಪ ಇರಲಿಲ್ಲ ಅಂದಮಾತ್ರಕ್ಕೆ ಚಾಲಕ ಪಾರಾಗುವುದಿಲ್ಲ. ಅದರಿಂದಲೇ ಅಪಘಾತ ಆಯಿತು ಅಂತ ಚಾಲಕನ ಕಡೆಯವರೇ ತೋರಿಸಬೇಕು. ಅಲ್ಲಿ ಬೀದಿದೀಪ ಉರಿಯುತ್ತಿತ್ತೇ, ಕೂಡಲೇ ವಿಚಾರಿಸಿ. ಚಾಲಕನ ಮೇಲಿನ ಕ್ರಿಮಿನಲ್ ಕೇಸು ಭಾರತೀಯ ನ್ಯಾಯ ಸಂಹಿತೆಯ 106(1)ರಡಿ (ನಿರ್ಲಕ್ಷ್ಯದಿಂದ ಸಾವು), ಗರಿಷ್ಠ 5 ವರ್ಷ ಶಿಕ್ಷೆ. ಅಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರದ ದಾವೆ ಬಿದ್ದುಹೋಗುವುದಿಲ್ಲ, ಅದಕ್ಕೆ ಬೇಕಾಗುವ ಪುರಾವೆಯ ತೂಕ ಕಡಿಮೆ.

ಭೀಮಾತೀರ:
ದಾವೆಗೆ ಪುಣೆಗೆ ಓಡಾಡಬೇಕಿಲ್ರಿ. ಮೋಟಾರು ವಾಹನ ಕಾಯ್ದೆಯ 166ರಡಿ ಅರ್ಜಿದಾರರು ಇರುವ ಊರಿನ ನ್ಯಾಯಮಂಡಳಿಯಲ್ಲೇ, ಅಂದರೆ ವಿಜಯಪುರದಲ್ಲೇ ಹಾಕಬಹುದು. ಕಾಯ್ದೆ ಕೊಟ್ಟಿರುವ ಅವಧಿ 6 ತಿಂಗಳು, ದಾಟಿಸಬೇಡಿ. ತಪ್ಪು ಸಾಬೀತು ಮಾಡದೆಯೇ 164ರಡಿ 5 ಲಕ್ಷ ಸಿಗುತ್ತದೆ ಅಂತ ಯಾರಾದರೂ ಅವಸರ ಮಾಡಿದರೆ ಸಹಿ ಹಾಕಬೇಡಿ. ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯಿತು. ಲೆಕ್ಕ ನೋಡಿ: ತಿಂಗಳಿಗೆ 20,000 ದುಡಿಮೆ ಅಂದುಕೊಂಡರೆ, ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆ ಶೇ. 40 ಸೇರಿ 28,000. ಅವಲಂಬಿತರು ನಾಲ್ವರು, ಹಾಗಾಗಿ ತೀರಿಕೊಂಡವರ ಸ್ವಂತ ಖರ್ಚಿಗೆ ಕಾಲುಭಾಗ ಕಳೆದು 21,000. ವರ್ಷಕ್ಕೆ 2,52,000. 38ರ ವಯಸ್ಸಿಗೆ ಕೋರ್ಟು ಹಿಡಿಯುವ ಗುಣಕ 15, ಅದರಿಂದ ಗುಣಿಸಿದರೆ 37,80,000.

ಕಾತ್ರಜ್ ಕನ್ನಡಿಗ:
ಸಂಬಳದ ಚೀಟಿ ಏನೂ ಇಲ್ಲ, ದಿನಗೂಲಿ ಕೆಲಸ.

ಭೀಮಾತೀರ:
ಗುತ್ತಿಗೆದಾರನ ಹಾಜರಿ ಪುಸ್ತಕ, ಫೋನ್‌ಪೇಯಲ್ಲಿ ಬಂದ ಕೂಲಿ, ಊರಿಗೆ ಹಣ ಕಳಿಸಿದ ಪಾಸ್‌ಬುಕ್, ಇವಿಷ್ಟನ್ನು ಈ ವಾರವೇ ಕೂಡಿಸಿ. ಗುತ್ತಿಗೆದಾರ ಸಾಕ್ಷಿಗೆ ಬಂದರೆ ಇನ್ನೂ ಗಟ್ಟಿ.